ಖಾಲಿ ಬಿಟ್ಟ ಮಂಗಳವಾರ

ದೊಡ್ಡ ದೊಡ್ಡ ಕಂಪನಿಗಳ ಕೆಲಸ ಮಾಡುವ ವಕೀಲರ ಆಫೀಸಿನಲ್ಲಿ ಮೇಲೆ ಹತ್ತುವುದು ಹೇಗೆ ಅಂತ ನಮ್ಮಪ್ಪನಿಗೆ ತಿಳಿಯುವ ಹಾಗೆ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ. ಕೊಟ್ಟೂರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಬೆಂಗಳೂರಿನಿಂದ ನಾನು ಊರಿಗೆ ಬಂದಾಗಲೆಲ್ಲ ಅಪ್ಪ ಗಿರಾಕಿಗಳ ಎದುರಿಗೇ ಕೇಳುತ್ತಿದ್ದ.

"ಏನವಾ, ಈ ಸಲನರ ದೊಡ್ಡ ವಕೀಲಳಾದೇನು?"

"ಇನ್ನೂ ಇಲ್ಲಪ್ಪಾ."

"ಯಾಕ, ಕೇಸು ಸೋತೇನು?"

"ಅಲ್ಲಿ ಕೇಸೇ ಇರಂಗಿಲ್ಲಪ್ಪಾ. ನಮ್ದು ಬರೀ ಕಾಗದದ ಕೆಲಸ."

"ಕೋರ್ಟಿನ ಮೆಟ್ಟಲ ಹತ್ತದಾಕಿ ಎಂಥಾ ವಕೀಲಳವಾ ನೀನು!" ಅಂತ ಅಪ್ಪ ಬಟ್ಟೆಯ ಥಾನು ಬಿಚ್ಚುತ್ತಾ ನಗುತ್ತಿದ್ದ, ಗಿರಾಕಿಗಳೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಲ್ಲಿಯ ಏಣಿ ಹೀಗಿತ್ತು. ಕೆಳಗೆ ಅಸೋಸಿಯೇಟ್, ಅದರ ಮೇಲೆ ಸೀನಿಯರ್ ಅಸೋಸಿಯೇಟ್, ಅದರ ಮೇಲೆ ಇನ್ನೊಂದು ಹೆಸರಿನ ಅದೇ ಕೆಲಸ, ಕಟ್ಟಕಡೆಗೆ ಪಾರ್ಟ್ನರ್. ಪಾರ್ಟ್ನರ್ ಆದವನು ಆಫೀಸಿಗೆ ಒಡೆಯ. ಕಂಪನಿಯವರು ಅವನ ಫೋನು ಎತ್ತುತ್ತಾರೆ, ಅವನು ಬೇಡ ಅಂದದ್ದು ಬೇಡ. ಉಳಿದವರೆಲ್ಲ ಎಷ್ಟೇ ಓದಿದ್ದರೂ ಆಳುಗಳೇ. ಸರಿಯಾದ ವಯಸ್ಸಿಗೆ ಆ ಕೊನೆಯ ಮೆಟ್ಟಿಲು ಹತ್ತದಿದ್ದರೆ ಹಿಂದಿನಿಂದ ಬಂದವರು ನಿಮ್ಮ ಹೆಗಲ ಮೇಲೆ ಕಾಲಿಟ್ಟು ಹೋಗುತ್ತಾರೆ. ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಆದರೆ ಚಹಾಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ.

ಹತ್ತುವುದಕ್ಕೆ ಬೇಕಾದದ್ದು ಗಂಟೆಗಳು. ದಿನಾ ಸಂಜೆ ಕಂಪ್ಯೂಟರಿನ ಮುಂದೆ ಕೂತು, ಇಡೀ ದಿನವನ್ನು ಆರಾರು ನಿಮಿಷದ ಚೂರು ಮಾಡಿ, ಯಾವ ಚೂರಿನಲ್ಲಿ ಯಾವ ಕಂಪನಿಗೆ ಏನು ಕೆಲಸ ಮಾಡಿದೆ ಅಂತ ತುಂಬಬೇಕು. ಅದೇ ಮುಂದೆ ಕಂಪನಿಗೆ ಹೋಗುವ ಬಿಲ್ಲು. ವರ್ಷದ ಕೊನೆಗೆ ಯಾರ ಗಂಟೆ ಹೆಚ್ಚೋ ಅವರೇ ಜಾಣರು. ನಾನು ಕೆಲಸದಲ್ಲಿ ಗಟ್ಟಿಯಿದ್ದೆ, ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಧಾರವಾಡದಲ್ಲಿ ಓದಿ, ಇಂಗ್ಲಿಷನ್ನು ತಡವರಿಸಿ ಮಾತಾಡುತ್ತಾ ತೊಂಬತ್ತರ ದಶಕದ ಕೊನೆಯಲ್ಲಿ ಆ ಆಫೀಸು ಸೇರಿದವಳು, ಕೆಲವೇ ವರ್ಷಗಳಲ್ಲಿ ಜಮೀನಿನ ಪತ್ರಗಳ ಗಂಟು ಯಾರದೇ ಇದ್ದರೂ ಬಿಡಿಸಲು ನನ್ನನ್ನೇ ಕರೆಯುವ ಹಾಗೆ ಮಾಡಿಕೊಂಡಿದ್ದೆ.

ಆಗ ಬಂತು ಗಾಳಿಯಂತ್ರದ ಕೆಲಸ. ಒಂದು ಕಂಪನಿಯವರು ಹರಪನಹಳ್ಳಿ, ಕೂಡ್ಲಿಗಿ ಕಡೆಯ ಗುಡ್ಡಗಳ ಮೇಲೆ ಫ್ಯಾನು ನಿಲ್ಲಿಸಿ ಕರೆಂಟು ತೆಗೆಯುವವರಿದ್ದರು. ಅದಕ್ಕೆ ಬೇಕಾದ ಹೊಲಗಳ ಪತ್ರ ನೋಡಿ, ಪಾಲುದಾರರನ್ನೆಲ್ಲ ಹುಡುಕಿ, ಸಹಿ ಹಾಕಿಸಿಕೊಡುವುದು ನಮ್ಮ ಆಫೀಸಿನ ಪಾಲಿಗೆ ಬಂತು. ನಮ್ಮ ಪಾರ್ಟ್ನರ್ ಸಾಹೇಬರು ನನ್ನನ್ನು ಕರೆಸಿದರು. ಅವರು ಕೆಲಸದ ಮಾತನ್ನು ಇಂಗ್ಲಿಷಿನಲ್ಲೂ, ನಮ್ಮಿಂದ ಏನಾದರೂ ಬೇಕಾದಾಗ ಕನ್ನಡದಲ್ಲೂ ಆಡುತ್ತಿದ್ದರು. ಅವತ್ತು ಕನ್ನಡದಲ್ಲಿ ಶುರು ಮಾಡಿದರು.

"ನಿಮ್ಮೂರ ಕಡೆಯದು. ನಿಮ್ಮನ್ನು ಬಿಟ್ರೆ ಇದನ್ನ ಯಾರೂ ಮಾಡಕ್ಕಾಗಲ್ಲ. ಇದೊಂದು ಮುಗಿಸಿ ಬನ್ನಿ, ಮುಂದಿನ ಏಪ್ರಿಲ್‌ಗೆ ನಿಮ್ಮ ಹೆಸರನ್ನ ನಾನೇ ಹೇಳ್ತೀನಿ."

ಹೆಸರು ಹೇಳುವುದು ಅಂದರೆ ಪಾರ್ಟ್ನರ್ ಮಾಡುವುದು. ಆ ಆಫೀಸಿನಲ್ಲಿ ನನ್ನಂಥ ಊರಿನಿಂದ ಬಂದ ಹೆಣ್ಣುಮಗಳು ಒಬ್ಬಳೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ನನಗೆ ಅದು ಬೇಕಿತ್ತು. ಹೊಟ್ಟೆ ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ಕೊಟ್ಟೂರಿನ ನಮ್ಮ ಮನೆಯಲ್ಲೇ ಉಳಿದುಕೊಂಡೆ. ನನ್ನ ಜೊತೆ ದೆಹಲಿ ಕಡೆಯ ಒಬ್ಬ ಜೂನಿಯರ್‌ನನ್ನು ಕಳಿಸಿದ್ದರು. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ, ಬಿಸಿಲಿಗೆ ಮೂಗು ಕೆಂಪಾಗಿ ಜೀಪಿನಲ್ಲೇ ಕೂತಿರುತ್ತಿದ್ದ. ಕೆಟ್ಟವನಲ್ಲ. ಮಂಡಕ್ಕಿ ಮಿರ್ಚಿ ಅಂದರೆ ಪ್ರಾಣ ಬಿಡುತ್ತಿದ್ದ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಜೀಪು ನಿಂತದ್ದು, ಹೊರಟದ್ದು, ನಾವು ದಾರಿ ತಪ್ಪಿದ್ದು, ಎಲ್ಲವನ್ನೂ ಆರು ನಿಮಿಷದ ಚೂರು ಮಾಡಿ ಬರೆಯುತ್ತಿದ್ದ.

ಒಂದು ಹೊಲ ಬಿಟ್ಟು ಉಳಿದವೆಲ್ಲ ಸಲೀಸಾದವು. ತೆಲಿಗಿಯಿಂದ ಒಳಕ್ಕೆ ಹೋಗುವ ಒಂದು ಸಣ್ಣ ಹಳ್ಳಿಯಲ್ಲಿ, ಗುಡ್ಡದ ಬುಡಕ್ಕೆ ಅಂಟಿಕೊಂಡ ಹೊಲ ಅದು. ಗುಡ್ಡಕ್ಕೆ ಲಾರಿ ಹತ್ತಬೇಕಾದರೆ ಅದರ ಮೇಲೆಯೇ ದಾರಿ ಮಾಡಬೇಕು. ಅದು ಸಿಗದಿದ್ದರೆ ಮೇಲಿನ ಜಮೀನೆಲ್ಲ ಕೊಂಡೂ ದಂಡ. ಹೊಲ ಸತ್ತ ಗಂಡನ ಹೆಸರಿನಲ್ಲಿತ್ತು. ಹೆಂಡತಿ, ಒಬ್ಬ ಮಗ, ಲಗ್ನವಾಗಿ ಹೋದ ಇಬ್ಬರು ಹೆಣ್ಣುಮಕ್ಕಳು, ಈ ನಾಲ್ವರದ್ದೂ ಒಪ್ಪಿಗೆ ಬೇಕಿತ್ತು. ಮಗ ಒಪ್ಪಿದ್ದ. ಅವನಿಗೆ ಟ್ರ್ಯಾಕ್ಟರ್ ಹುಚ್ಚು. ಇಟ್ಟಿಗಿ ಊರಿನ ಹುಡುಗಿಯ ಜೊತೆ ಮಾತುಕತೆ ಆಗಿ, ಎಲೆ ಅಡಿಕೆ ಬದಲಾಯಿಸಿಕೊಂಡಿದ್ದರು. ಹೆಣ್ಣುಮಕ್ಕಳು ಅವ್ವ ಹೂಂ ಅಂದರೆ ಹೂಂ ಅನ್ನುವವರು. ಅವ್ವ ಮಾತ್ರ ಬಿಲ್‌ಕುಲ್ ಒಲ್ಲೆ ಅನ್ನುತ್ತಿದ್ದಳು.

"ಅವ್ವಗ ನೀವ ಹೇಳ್ರಿ ಅಕ್ಕಾರ. ನನ್ನ ಮಾತು ಕಿವಿಮ್ಯಾಗ ಹಾಕ್ಕೊಳ್ಳಂಗಿಲ್ಲ ಆಕಿ," ಅಂತ ಮಗ ನನ್ನನ್ನು ಒಳಗೆ ಕರೆದುಕೊಂಡು ಹೋದ.

ಆ ಹಿರಿಯಾಕೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವೂರವಾ ನಿಂದು? ಯಾರ ಪೈಕಿ?" ಅಂದಳು. ಹೇಳಿದೆ. "ಅಯ್ಯ, ಬಟ್ಟಿ ಅಂಗಡ್ಯಾರ ಮಗಳೇನು! ನನ್ನ ಹಿರೇಮಗಳ ಲಗ್ನದ ಸೀರಿ ನಿಮ್ಮ ಅಂಗಡ್ಯಾಗ ತಂದಿದ್ವಿ. ಬಾ, ಕುಂದ್ರು. ಕಾಗದದ ಮಾತು ಆಮ್ಯಾಲೆ." ನಾನೂ ಕೂತು ಶೇಂಗಾ ಸುಲಿದೆ. ಕಾಗದದ ಮಾತು ಅವತ್ತು ಬರಲೇ ಇಲ್ಲ.

ಮುಂದಿನ ಸಲ ಹೋದಾಗ ಬಂತು. "ಆ ಹೊಲ್ದಾಗ ನಮ್ಮ ಮನಿಯವ್ರು ಅದಾರವಾ," ಅಂದಳು. ಗಂಡನನ್ನು ಮಣ್ಣು ಮಾಡಿದ್ದು ಅಲ್ಲೇ, ಬದುವಿನ ಬೇವಿನ ಗಿಡದ ಕೆಳಗೆ. ನಮ್ಮವರಲ್ಲಿ ಹೊಲವಿದ್ದವರು ಹೀಗೆ ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. "ಅವರ ಎದಿಮ್ಯಾಲೆ ಲಾರಿ ಓಡಿಸ್ತೀರೇನು ನೀವು?"

ಹೀಗೆ ಹೋಗುತ್ತಾ ಬರುತ್ತಾ ಬೇಸಿಗೆ ಕಳೆಯಿತು. ಹೋದಾಗಲೆಲ್ಲ ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ. ಉಂಡು, ಕೈ ತೊಳೆದು, ಮಾತಾಡಿ ಎದ್ದು ಬರುತ್ತಿದ್ದೆ. ಆ ಹೊತ್ತನ್ನು ನಾನು ಎಂದೂ ಕಂಪ್ಯೂಟರಿನಲ್ಲಿ ಬರೆಯಲಿಲ್ಲ. ಬರೆಯಬಹುದು ಅಂತ ತಲೆಗೇ ಹೊಳೆಯಲಿಲ್ಲ ಅಂದರೂ ನಡೆದೀತು. ಒಬ್ಬರ ಮನೆಯಲ್ಲಿ ಕೂತು ಅವರ ರೊಟ್ಟಿ ಉಂಡು, ಆ ಹೊತ್ತಿಗೆ ಇನ್ನೊಬ್ಬರಿಗೆ ಬಿಲ್ಲು ಹಾಕುವುದೆಂದರೆ ನಮ್ಮ ಕಡೆ ಯಾರಾದರೂ ಕೇಳಿದರೆ ಥೂ ಅಂತ ಉಗುಳುತ್ತಾರೆ. ಪತ್ರ ಓದಿದ್ದನ್ನು, ಹರಪನಹಳ್ಳಿಯ ನೋಂದಣಿ ಆಫೀಸಿನಲ್ಲಿ ನಿಂತದ್ದನ್ನು ಬರೆಯುತ್ತಿದ್ದೆ. ಅಷ್ಟೇ ಕೆಲಸ ಅಂತ ನನ್ನ ಎಣಿಕೆ.

ಒಂದು ಮಂಗಳವಾರ ಬೆಳಿಗ್ಗೆ ಆ ಮಗ ಸತ್ತ ಸುದ್ದಿ ಬಂತು. ಹಿಂದಿನ ಸಂಜೆ ಕೂಡ್ಲಿಗಿಯಿಂದ ಗಾಡಿಯ ಮೇಲೆ ಬರುವಾಗ ಅದಿರು ಲಾರಿಯ ಅಡಿಗೆ ಸಿಕ್ಕಿದ್ದ. ಆ ವರ್ಷಗಳಲ್ಲಿ ನಮ್ಮ ರಸ್ತೆಗಳೆಲ್ಲ ಅದಿರು ಲಾರಿಗಳವೇ, ದಾರಿಬದಿಯ ಗಿಡಗಳೂ ಕೆಂಪು ಧೂಳು ಹೊತ್ತು ನಿಂತಿರುತ್ತಿದ್ದವು. ನಾನು ಉಟ್ಟ ಬಟ್ಟೆಯಲ್ಲೇ ಹೊರಟೆ. ಜೀಪು ಇದ್ದದ್ದು ಒಂದೇ, ಹಾಗಾಗಿ ಜೂನಿಯರ್ ಕೂಡ ಬಂದ.

ದಾರಿಯಲ್ಲಿ ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. "ಹಾಗಾದರೆ ಈಗ ಒಂದು ಸಹಿ ಕಡಿಮೆಯಾಯಿತು."

ಕಾನೂನಿನಲ್ಲಿ ಅವನ ಮಾತು ಸರಿ. ಲಗ್ನವಾಗದ ಮಗನ ಪಾಲು ತಾಯಿಗೇ ಬರುತ್ತದೆ. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ ಕೊಡಬೇಕಾದ ಉತ್ತರ. ನನಗೆ ಮಾತ್ರ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತ್ತು. ಜೀಪಿನಿಂದ ಇಳಿಯಬೇಡ ಅಂತ ಹೇಳಿ ನಾನೊಬ್ಬಳೇ ಇಳಿದೆ.

ಅಷ್ಟರಲ್ಲಿ ಬೆಂಗಳೂರಿನಿಂದ ಸಾಹೇಬರ ಫೋನು ಬಂತು. ಜೂನಿಯರ್ ಸುದ್ದಿ ಮುಟ್ಟಿಸಿದ್ದ. "ಅಯ್ಯೋ ಪಾಪ," ಅಂದರು. ಆಮೇಲೆ, "ಎಲ್ಲಾ ವಾರಸುದಾರರು ಸೇರಿರ್ತಾರೆ ಅಲ್ವಾ? ಬಲವಂತ ಏನಿಲ್ಲ. ಅನುಕೂಲ ಆದ್ರೆ ಅಂತ ಹೇಳ್ತಿದೀನಿ ಅಷ್ಟೆ."

"ಸರ್, ಹೆಣ ಇನ್ನೂ ಎತ್ತಿಲ್ಲ," ಅಂದೆ.

"ಓ. ಸರಿ, ಸರಿ. ನೀವು ನೋಡ್ಕೊಳ್ಳಿ."

ಫೋನು ಆರಿಸಿ ಒಳಗೆ ಹೋದೆ. ಮಗನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಒಂದು ಕಡೆಯ ಮುಖ ಬಟ್ಟೆಯಲ್ಲಿ ಮುಚ್ಚಿದ್ದರು. ಭಜನೆಯವರು ಆಗಲೇ ಬಂದಿದ್ದರು. ಆ ತಾಯಿ ನನ್ನನ್ನು ನೋಡಿ, "ನೋಡವಾ, ಅಕ್ಕಾರ ಅಕ್ಕಾರ ಅಂತಿದ್ನಲ್ಲ, ನೋಡು ಹೆಂಗ ಕುಂತಾನ!" ಅಂತ ಕೂಗಿ ನನ್ನ ಎದೆಗೆ ತಲೆ ಬಡಿದಳು. ನಾನು ಅತ್ತೆ. ದನಿ ತೆಗೆದು ಅತ್ತೆ. ಆಫೀಸು, ಹೊಲ, ಏಪ್ರಿಲ್ ಯಾವುದೂ ನೆನಪಿರಲಿಲ್ಲ. ಮಧ್ಯಾಹ್ನ ಮೆರವಣಿಗೆಯ ಹಿಂದೆ ಆ ಹೊಲದವರೆಗೂ ನಡೆದೆ. ಅಪ್ಪನ ಪಕ್ಕದಲ್ಲೇ ಮಗನನ್ನು ಮಣ್ಣು ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ತಿಂಗಳ ಮೇಲೆ ಕಂಪನಿಯ ಗಡುವು ಹತ್ತಿರ ಬಂದು, ಕಾಗದ ಹಿಡಿದು ಮತ್ತೆ ಹೋದೆ. ಎರಡೂ ಸಮಾಧಿ ಮತ್ತು ಬೇವಿನ ಗಿಡ ಇರುವ ತುಣುಕನ್ನು ಮಾರಾಟದಿಂದ ಹೊರಗಿಟ್ಟು, ದಾರಿ ಅದನ್ನು ಸುತ್ತು ಹಾಕಿ ಹೋಗಬೇಕು ಅಂತ ನಾನೇ ಬರೆದಿದ್ದೆ. ಸಾಹೇಬರ ಜೊತೆ ಜಗಳವಾಡಿ ಅದಕ್ಕೆ ಕಂಪನಿಯನ್ನು ಒಪ್ಪಿಸಿದ್ದೆ. ಓದಿ ಹೇಳಿದೆ. ಆಕೆ ಪೂರ್ತಿ ಕೇಳಲೂ ಇಲ್ಲ.

"ನೀ ಹೇಳಿದ ಮ್ಯಾಲೆ ಮುಗೀತು ಬಿಡವಾ," ಅಂದಳು. ಹರಪನಹಳ್ಳಿಗೆ ಬಂದು ಹೆಬ್ಬೆಟ್ಟು ಒತ್ತಿದಳು. ಹೆಣ್ಣುಮಕ್ಕಳೂ ಒತ್ತಿದರು. ಕೆಲಸ ಮುಗಿಯಿತು. ನಾನು ಬೆಂಗಳೂರಿಗೆ ಹೋದೆ.

ಮಾರ್ಚಿನಲ್ಲಿ ಸಾಹೇಬರು ಬಾಗಿಲು ಹಾಕಿಸಿ ನನ್ನನ್ನು ಕೂರಿಸಿಕೊಂಡರು. ಕನ್ನಡದಲ್ಲೇ ಮಾತು. "ನಿಮ್ಮ ಹೆಸರು ಹೇಳೋಕೆ ನಾನು ತಯಾರು. ಆದ್ರೆ ನಿಮ್ಮ ಗಂಟೆ ತೀರಾ ಕಡಿಮೆ. ನಿಮ್ಮ ಜೊತೆ ಇದ್ದ ಹುಡುಗನದು ನಿಮಗಿಂತ ಎಷ್ಟೋ ಜಾಸ್ತಿ. ಏನು ಮಾಡ್ತಿದ್ರಿ ಅಲ್ಲಿ?"

ಹೇಳಿದೆ. ಜನರ ಮನೆಗೆ ಹೋಗುತ್ತಿದ್ದೆ, ಕೂರುತ್ತಿದ್ದೆ, ಉಣ್ಣುತ್ತಿದ್ದೆ. ಅವರು ನಕ್ಕುಬಿಟ್ಟರು. ವ್ಯಂಗ್ಯದ ನಗೆಯಲ್ಲ, ಪಾಪದವಳು ಅನ್ನುವಂಥ ನಗೆ. "ಅದೇ ರೀ ಕೆಲಸ! ನೀವು ರೊಟ್ಟಿ ತಿಂದಿದ್ದಕ್ಕೇ ಅಲ್ವಾ ಸಹಿ ಬಿದ್ದಿದ್ದು? ಸಂಜೆವರೆಗೂ ಟೈಮ್ ಕೊಡ್ತೀನಿ. ಕೂತು ಎಲ್ಲಾ ತುಂಬಿ."

ಕೂತೆ. ತುಂಬಿದೆ ಕೂಡ. ಒಲ್ಲದ ಮನಸ್ಸಿನಿಂದಲೇ ಶೇಂಗಾ ಸುಲಿದದ್ದನ್ನು 'ಜಮೀನುದಾರರೊಂದಿಗೆ ಸಮಾಲೋಚನೆ' ಅಂತ ಮಾಡಿದೆ. ಕುರ್ಚಿ ಬೇಕಿತ್ತಲ್ಲ! ಆ ಮಂಗಳವಾರಕ್ಕೆ ಬಂದಾಗ ಕೈ ಓಡಲಿಲ್ಲ. ಅದೊಂದನ್ನು ಖಾಲಿ ಬಿಟ್ಟು ಉಳಿದದ್ದನ್ನು ಕಳಿಸಿದೆ.

ಐದು ಮಿನಿಟಿನಲ್ಲಿ ಸಾಹೇಬರೇ ನನ್ನ ಮೇಜಿಗೆ ಬಂದರು. "ಈ ದಿನ ಯಾಕೆ ಖಾಲಿ?"

"ಅದು ಸತ್ತ ಮನೆಗೆ ಹೋದದ್ದು, ಸರ್."

"ಗೊತ್ತು. ಹುಡುಗ ಬರೆದಿದ್ದಾನೆ, ವಾರಸುದಾರರ ಭೇಟಿ ಅಂತ. ಕಂಪನಿಯವರು ಅದಕ್ಕೆ ದುಡ್ಡೂ ಕೊಟ್ಟಾಯ್ತು. ಜೀಪಲ್ಲಿ ಕೂತಿದ್ದವನು ಬರೆದು, ಒಳಗೆ ಇದ್ದವರು ಖಾಲಿ ಬಿಟ್ರೆ ನಾಳೆ ಅವರು ಕೇಳಲ್ವಾ, ಅವನು ಅಲ್ಲಿ ಏನು ಮಾಡ್ತಿದ್ದ ಅಂತ? ಒಂದೇ ಒಂದು ಸಾಲು ರೀ. ಕಂಪನಿ ಪರವಾಗಿ ಭೇಟಿ. ಬರೀರಿ."

"ನಾನು ಕಂಪನಿ ಪರವಾಗಿ ಹೋಗಿರಲಿಲ್ಲ."

"ಮತ್ಯಾರ ಪರವಾಗಿ ಹೋಗಿದ್ರಿ? ಜೀಪು ಯಾರದು? ಸಂಬಳ ಯಾರದು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಕೆರಳಿಸಿತು. "ಹೆಣದ ಮುಂದೆ ಅತ್ತದ್ದಕ್ಕೆ ಬಿಲ್ಲು ಹಾಕುವಷ್ಟು ಕೆಟ್ಟಿಲ್ಲ ಸರ್ ನಾನು," ಅಂದುಬಿಟ್ಟೆ. ಸುತ್ತಲಿನ ಮೇಜುಗಳಲ್ಲಿ ಟೈಪು ಮಾಡುವ ಸದ್ದು ನಿಂತಿತು. ಅವರು ಚಾಳೀಸು ತೆಗೆದು ಒರೆಸಿಕೊಂಡು, "ಹಾಗಾದ್ರೆ ಈ ವರ್ಷ ಬೇಡ ಬಿಡಿ," ಅಂದು ತಮ್ಮ ರೂಮಿಗೆ ಹೋದರು.

ಅಲ್ಲಿ ಈ ವರ್ಷ ಬೇಡ ಅಂದರೆ ಯಾವ ವರ್ಷವೂ ಬೇಡ ಅಂತಲೇ ಲೆಕ್ಕ. ಮರುವರ್ಷ ನನಗೆ ಹೊಸ ಹುದ್ದೆಯ ಹೆಸರು ಕೊಟ್ಟರು, ಕೆಲಸ ಕೊಡಲಿಲ್ಲ. ಇನ್ನೂ ಮೂರ್ನಾಲ್ಕು ವರ್ಷ ತಡೆದೆ. ಅಷ್ಟರಲ್ಲಿ ಆ ದೆಹಲಿಯ ಹುಡುಗ ಪಾರ್ಟ್ನರ್ ಆದ. ಪೇಡೆಯ ಡಬ್ಬಿ ಹಿಡಿದು ನನ್ನ ಮೇಜಿಗೇ ಮೊದಲು ಬಂದು, ನಿಮ್ಮಿಂದ ಬಹಳ ಕಲಿತೆ ಅಂದ. ಖರೆ ಮನಸ್ಸಿನಿಂದಲೇ ಅಂದ. ಪೇಡೆಯನ್ನು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಗೆ ಹಾಕಿದೆ. ಆ ತಿಂಗಳೇ ರಾಜೀನಾಮೆ ಕೊಟ್ಟು ಕೊಟ್ಟೂರಿನ ಬಸ್ಸು ಹತ್ತಿದೆ. ಅಪ್ಪ ಏನೊಂದೂ ಕೇಳಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಬಾಯಿ ತೆರೆದರೆ ಅವನೇ ಮಾತು ತಿರುಗಿಸುತ್ತಿದ್ದ. ಅವನು ಹಾಗೆ ನನ್ನನ್ನು ಕಾಯುವುದನ್ನು ನೋಡಲಾರದೆ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟೆ.

ಹರಪನಹಳ್ಳಿ ಕೋರ್ಟಿನಲ್ಲಿ ವಕೀಲಿ ಶುರು ಮಾಡಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನನಗಿಂತ ಹತ್ತು ವರ್ಷ ಚಿಕ್ಕವರಿಗೆ ಅಲ್ಲಿ ನನಗಿಂತ ಹೆಚ್ಚು ಕೇಸು. ಕಪ್ಪು ಕೋಟು ಹಾಕಿ ಜಾಮೀನಿನ ಅರ್ಜಿಗೆ ಕಾಯುತ್ತಾ ಕೂತಿರುತ್ತಿದ್ದೆ. ಆದರೂ ಒಂದು ಸಮಾಧಾನವಿತ್ತು. ಆ ಒಂದು ಸಾಲು ಬರೆಯಲಿಲ್ಲವಲ್ಲ ಅಂತ. ಅದನ್ನೇ ಹಿಡಿದುಕೊಂಡು ದಿನ ತಳ್ಳುತ್ತಿದ್ದೆ.

ಅಂಥದ್ದೊಂದು ದಿನ ತೆಲಿಗಿ ಕಡೆಯ ಆ ತಾಯಿ ಹಿರಿಮಗಳ ಕೈ ಹಿಡಿದು ಕೋರ್ಟಿನ ಆವರಣಕ್ಕೆ ಬಂದಳು. ಬಹಳ ಇಳಿದುಹೋಗಿದ್ದಳು. ನನ್ನನ್ನೇ ಹುಡುಕಿಕೊಂಡು ಬಂದಿದ್ದಳು. ಗಾಳಿಯಂತ್ರದ ಕಂಪನಿ ಕೈ ಬದಲಾಗಿ, ಹೊಸ ಒಡೆಯರು ಇನ್ನೂ ದೊಡ್ಡ ಯಂತ್ರ ಏರಿಸಲು ದಾರಿ ಅಗಲ ಮಾಡಿದ್ದರು. ಬೇವಿನ ಗಿಡ ಹೋಗಿತ್ತು. ಎರಡೂ ಸಮಾಧಿಯ ಮೇಲೆ ಜಲ್ಲಿ ಸುರಿದು ರೋಲರ್ ಹೊಡೆದಿದ್ದರು.

"ಎಲ್ಲಿ ಅದಾನ ಅಂತ ಗುರ್ತನ ಸಿಗಂಗಿಲ್ಲವಾ," ಅಂದಳು. "ಅಮಾಸಿ ದಿನ ಕಾಯಿ ಒಡಿಯಾಕ ಹೋಗಿ, ರೋಡಿನ ಮ್ಯಾಲೆ ನಿಂತು ಹೊಳ್ಳಿ ಬಂದೆ. ಲಾರ್‍ಯಾಗ ಸತ್ತಾವನ ಮ್ಯಾಲೆ ಲಾರಿನ ಓಡಾಡ್ತಾವ."

ಅಲ್ಲಿಂದಲೇ ಬೆಂಗಳೂರಿಗೆ ಫೋನು ಮಾಡಿದೆ, ಪಾರ್ಟ್ನರ್ ಆಗಿದ್ದ ಜೂನಿಯರ್‌ಗೆ. ಅವನಿಗೆ ನೆನಪಿತ್ತು, ಬೇಜಾರೂ ಆಯಿತು. ಆದರೆ ಹೊಸ ಒಡೆಯರಿಗೆ ವಕೀಲರೂ ಬೇರೆ, ಆ ಫೈಲು ನಮ್ಮಲ್ಲಿ ಮುಗಿದಿದೆ, ನಾನು ಏನು ಮಾಡಲಿ ಅಂದ. ನಾನು ಆ ಕುರ್ಚಿಯಲ್ಲಿದ್ದಿದ್ದರೆ ಕಂಪನಿ ಕೈ ಬದಲಾಗುವ ದಿನವೇ ಆ ಷರತ್ತನ್ನು ಹೊಸಬರ ಮುಂದೆ ಇಟ್ಟು ಹಿಡಿಸುತ್ತಿದ್ದೆ. ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ.

"ಕೇಸು ಹಾಕವಾ ನೀನ," ಅಂದಳು. "ನೀ ಬರದ ಕಾಗದ. ನಿನಗ ಎಲ್ಲಾ ಗೊತ್ತೈತಿ."

ಅದೇ ತೊಡಕಾಗಿತ್ತು. ಒಂದು ಕಡೆಯವರಿಗೆ ಕಾಗದ ಬರೆದುಕೊಟ್ಟ ವಕೀಲಳು ಅದೇ ಕಾಗದದ ಜಗಳದಲ್ಲಿ ಇನ್ನೊಂದು ಕಡೆ ನಿಲ್ಲುವಂತಿಲ್ಲ. ನಿಂತರೆ ಎದುರಿನವರು ಮೊದಲ ದಿನವೇ ಎತ್ತಿ ಒಗೆಯುತ್ತಾರೆ, ಆಕೆಯ ಕೇಸೂ ಕೆಡುತ್ತದೆ. ಒಳ್ಳೆಯ ಇನ್ನೊಬ್ಬ ವಕೀಲರ ಹೆಸರು ಹೇಳಿದೆ, ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ ಅಂದೆ.

"ನಿನಗ್ಯಾಕ ಆಗಂಗಿಲ್ಲ?"

"ನಾನು ಆವಾಗ ಕಂಪನಿ ವಕೀಲಳಿದ್ದೆ, ಯವ್ವಾ."

ಆಕೆ ನನ್ನ ಮುಖಕ್ಕೆ ಮುಖ ತಂದು ನೋಡಿದಳು. ಕಣ್ಣಿಗೆ ಪೊರೆ ಬಂದಿತ್ತು, ನೋಡಲು ಹತ್ತಿರ ಬರಬೇಕಾಗಿತ್ತು.

"ಹೆಬ್ಬೆಟ್ಟು ಒತ್ತಾಕ ಬ್ಯಾಡ ಅಂತ ಊರಾಗ ಎಲ್ಲಾರೂ ಹೇಳಿದ್ರು. ಮಣ್ಣಿಗೆ ಬಂದು ಅಷ್ಟು ಅತ್ತಾಕಿ ಸುಳ್ಳು ಹೇಳಂಗಿಲ್ಲ ಅಂತ ಒತ್ತಿದೆ ನಾನು. ನನ್ನ ಮಗನ ಮುಂದ ಕುಂತು ಅತ್ತೆಲ್ಲ, ಅವತ್ತೂ ಕಂಪನಿ ವಕೀಲಳ ಇದ್ದೇನು ನೀನು?"

ಇಲ್ಲ ಅಂದರೆ, ಹಾಗಾದರೆ ಕೇಸು ಹಿಡಿ ಅನ್ನುತ್ತಾಳೆ. ಹಿಡಿಯುವ ಹಾಗಿಲ್ಲ. ಹೌದು ಅಂದರೆ ಮಾತ್ರ ನನ್ನನ್ನು ಬಿಟ್ಟು ಇನ್ನೊಬ್ಬ ವಕೀಲರ ಹತ್ತಿರ ಹೋದಾಳು. ಮಗಳು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು.

"ಹೌದು, ಯವ್ವಾ," ಅಂದೆ.